ಟಿ-ಎಚ್ ಜೋಡಿ: ತೀರ್ಥಹಳ್ಳಿಯಲ್ಲಿ ಎರಡು, ಇಂಗ್ಲಿಷಿನಲ್ಲಿ ಮೂರು

ಇಂಗ್ಲಿಷಿನಲ್ಲಿ ಟಿ-ಎಚ್ (th) ಇರುವ ಥಿಂಕ್, ದಿಸ್, ಥಾಮಸ್ ಮೂರನ್ನೂ ನಿಮ್ಮ ಮಗ ‘ಥ’ದಿಂದಲೇ ಓದುತ್ತಾನೆ, ತಿದ್ದುವುದು ಹೇಗೆ ಎಂದು ಕೇಳಿದ್ದೀರಿ. ಇದಕ್ಕೆ ಕಾರಣ ಬಹುಶಃ ನಮ್ಮ ಕಡೆಯ ಬರವಣಿಗೆ. ತೀರ್ಥಹಳ್ಳಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ‘ತ’ಕ್ಕೂ ನಡುವಿನ ‘ಥ’ಕ್ಕೂ ಟಿ-ಎಚ್ ಹಾಕುವವರು ತುಂಬ, ಒಂಟಿ ಟಿ ‘ಟ’ಕ್ಕೆ ಮೀಸಲು. ಹಿಂದಿಯವರಿಗೆ ಟಿ-ಎಚ್ ಅಂದರೆ ‘ಥ’ ಇಲ್ಲವೇ ‘ಠ’, ‘ತ’ ಅಲ್ಲ, ಅದಕ್ಕೇ ಅವರು ಗೀತಾ ಎಂದು ಬರೆಯುವಾಗ ಸಾಮಾನ್ಯವಾಗಿ ಎಚ್ ಹಾಕುವುದಿಲ್ಲ.

ಇಂಗ್ಲಿಷಿನದು ಇವೆರಡೂ ಅಲ್ಲ. ಮೊದಲು ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತುಸುವೇ ಇಡಿಸಿ, ತಡೆಯದೆ ಗಾಳಿ ಬಿಡಿಸಿ: ಥಿಂಕ್, ಥ್ರೀ. ಹಲ್ಲಿಗೆ ಒತ್ತಿ ಬಿಟ್ಟರೆ ಮತ್ತೆ ನಮ್ಮ ‘ಥ’ವೇ ಬರುತ್ತದೆ, ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ. ಅದು ಕೂತ ಮೇಲೆ ಗಂಟಲಿಗೆ ಬೆರಳಿಡಿಸಿ, ಅದೇ ಜಾಗದಲ್ಲಿ ದನಿ ಸೇರಿಸಿ: ದಿಸ್, ದೆನ್, ಮದರ್. ಬೆರಳಿಗೆ ಕಂಪನ ಸಿಗಬೇಕು. ದಿಸ್, ದ್ಯಾಟ್, ದೇರ್‌ನಂಥ ಸಣ್ಣ ಪದಗಳ ಆರಂಭದಲ್ಲಿ ದನಿ ಇರುತ್ತದೆ (ಥ್ರೂ ಹೊರತು), ನಾಮಪದ, ಕ್ರಿಯಾಪದಗಳ ಆರಂಭದಲ್ಲಿ ಇರುವುದಿಲ್ಲ. ‘ವಿತ್’ ಎರಡೂ ಬಗೆಯಲ್ಲಿದೆ, ತಿದ್ದಲು ಹೋಗಬೇಡಿ.

ಥಾಮಸ್, ಥೇಮ್ಸ್, ಥೈಲ್ಯಾಂಡ್‌ಗಳಲ್ಲಿ ಎಚ್ ಮೌನ. ಇಂಗ್ಲಿಷರು ಟಾಮಸ್, ಟೆಮ್ಸ್, ಟೈಲ್ಯಾಂಡ್ ಎನ್ನುತ್ತಾರೆ. ಇವನ್ನು ಬಾಯಿಪಾಠ ಮಾಡಿಸುವುದೇ ದಾರಿ.