ಶುಕ್ರವಾರ ರಾತ್ರಿ ದಿಢೀರನೆ ಕಡಲಿಗೆ ಹೊರಟರೆ: ಮೊದಲು ಘಾಟಿ ಗೊತ್ತುಮಾಡಿ, ಆಮೇಲೆ ಬೀಚು

ನೀವು ಕೇಳಿದ್ದು: ಬೆಂಗಳೂರಿನಿಂದ ಇಬ್ಬರೇ ಗೆಳೆಯರು, ಆರು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಶುಕ್ರವಾರ ಕೆಲಸ ಮುಗಿಸಿ ಹೊರಟು ಭಾನುವಾರ ರಾತ್ರಿಯೊಳಗೆ ಮನೆ ಸೇರಬೇಕು, ರೂಮು ಬುಕ್ ಮಾಡಿಲ್ಲ. ಗೋಕರ್ಣವೋ ಉಡುಪಿಯೋ?

ಉಡುಪಿ ಕಡೆಗೆ ಹೋಗಿ. ಬೆಂಗಳೂರಿನಿಂದ ಉಡುಪಿಗೆ ಸುಮಾರು 400 ಕಿ.ಮೀ., ಗೋಕರ್ಣಕ್ಕೆ 480ರ ಮೇಲೆ. ಹೋಗಿಬರುವ ಲೆಕ್ಕದಲ್ಲಿ 160 ಕಿ.ಮೀ. ಹೆಚ್ಚು, ಅಂದರೆ ಮೂರು ಮೂರೂವರೆ ಗಂಟೆ. ಎರಡು ದಿನದ ಪ್ರವಾಸದಲ್ಲಿ ಆ ಮೂರು ಗಂಟೆ ಕಡಲ ದಂಡೆಯ ಸಮಯದಿಂದಲೇ ಕಳೆಯುತ್ತದೆ, ಇಲ್ಲವೇ ನಿದ್ದೆಯಿಂದ. ಗೋಕರ್ಣವನ್ನು ಮೂರು ದಿನ ರಜೆ ಸಿಕ್ಕಾಗ ಇಟ್ಟುಕೊಳ್ಳಿ. (ಹುಬ್ಬಳ್ಳಿಯವರಿಗೆ ಮಾತು ಬೇರೆ. ಯಲ್ಲಾಪುರ, ಅರಬೈಲ್ ಘಾಟಿ ದಾಟಿದರೆ ಅಂಕೋಲಾ, ಸುಮಾರು 130 ಕಿ.ಮೀ. ಶಿವಮೊಗ್ಗದವರಿಗೆ ಆಗುಂಬೆ ಇಳಿದರೆ ಉಡುಪಿ. ಮೈಸೂರಿನವರಿಗೆ ಮಡಿಕೇರಿ, ಸಂಪಾಜೆ, ಸುಳ್ಯ, ಪುತ್ತೂರು ದಾರಿ.)

ಇನ್ನು ಮುಖ್ಯ ವಿಷಯ. ದಿಢೀರ್ ಪ್ರವಾಸ ಕೆಡುವುದು ಬೀಚು ಆರಿಸುವುದರಲ್ಲಿ ಅಲ್ಲ, ಘಾಟಿಯನ್ನು ಯಾವ ಹೊತ್ತಿಗೆ ಇಳಿಯುತ್ತೀರಿ ಅನ್ನುವುದರಲ್ಲಿ. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಎದ್ದು ದಿನವಿಡೀ ಕೆಲಸ ಮಾಡಿದವರು ರಾತ್ರಿ ಹತ್ತಕ್ಕೆ ಹೊರಟರೆ ಶಿರಾಡಿ ಘಾಟಿ ಸಿಗುವುದು ನಸುಕಿನ ಎರಡು ಮೂರು ಗಂಟೆಗೆ. ಮನುಷ್ಯನಿಗೆ ನಿದ್ದೆ ಅತಿ ಹೆಚ್ಚು ಒತ್ತುವ ಹೊತ್ತು ಅದೇ. ಎದುರಿಗೆ ಸಾಲು ಲಾರಿ, ರಾತ್ರಿ ಬಸ್ಸು, ತಿರುವು, ಕೆಲವೊಮ್ಮೆ ಮಂಜು. ಆದ್ದರಿಂದ ನನ್ನ ಸಲಹೆ ಇಷ್ಟೇ: ರಾತ್ರಿ ಹಾಸನದವರೆಗೆ ಮಾತ್ರ ಹೋಗಿ, ಅಲ್ಲಿ ಮಲಗಿ, ಬೆಳಕು ಹರಿದ ಮೇಲೆ ಘಾಟಿ ಇಳಿಯಿರಿ.

ಶುಕ್ರವಾರ ಸಂಜೆ ಆರರಿಂದ ಒಂಬತ್ತರವರೆಗೆ ಗೊರಗುಂಟೆಪಾಳ್ಯದಿಂದ ನೆಲಮಂಗಲ ದಾಟುವಷ್ಟರಲ್ಲೇ ಗಂಟೆಗಟ್ಟಲೆ ಹೋಗುತ್ತದೆ. ಆ ಹೊತ್ತಿನಲ್ಲಿ ಮನೆಯಲ್ಲೇ ಊಟ ಮಾಡಿ, ಒಂದು ಗಂಟೆ ಮಲಗಿ, ಒಂಬತ್ತೂವರೆಗೆ ಹೊರಡುವುದು ಲೇಸು. ದಕ್ಷಿಣ ಬೆಂಗಳೂರಿನಲ್ಲಿದ್ದರೆ ನೈಸ್ ರಸ್ತೆ ಹಿಡಿದು ಮಾದಾವರದ ಹತ್ತಿರ ತುಮಕೂರು ರಸ್ತೆಗೆ ಬನ್ನಿ. ನೆಲಮಂಗಲದಿಂದ ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ ದಾಟಿ ಹಾಸನದವರೆಗೂ ನಾಲ್ಕು ಪಥದ ಹೆದ್ದಾರಿ 75. ರಾತ್ರಿ ಒಂದರ ಹೊತ್ತಿಗೆ ಹಾಸನದಲ್ಲಿರುತ್ತೀರಿ. ತಡರಾತ್ರಿ ಬರುತ್ತೇವೆಂದು ಲಾಡ್ಜಿಗೆ ಹೊರಡುವ ಮುಂಚೆಯೇ ಫೋನ್ ಮಾಡಿ ಹೇಳಿ. ಹೇಳದೆ ಹೋದರೆ ಗೇಟು ಹಾಕಿರುತ್ತಾರೆ. ಇಬ್ಬರ ಆಧಾರ್ ಅಥವಾ ಡಿಎಲ್ ಕೈಯಲ್ಲಿರಲಿ, ಒಬ್ಬರದ್ದು ಸಾಲದು.

ಹೊರಡುವ ಮುಂಚೆ ಕಾರಿಗೆ ಅರ್ಧ ಗಂಟೆ ಕೊಡಿ. ಟೈರಿಗೆ ಗಾಳಿ ತಣ್ಣಗಿರುವಾಗ ನೋಡಬೇಕು. ಎಷ್ಟು ಅನ್ನುವುದು ಚಾಲಕನ ಬಾಗಿಲಿನ ಒಳಚೌಕಟ್ಟಿನ ಸ್ಟಿಕರ್ ಮೇಲಿರುತ್ತದೆ, ಸಾಮಾನ್ಯವಾಗಿ 30ರಿಂದ 33 ಪಿಎಸ್‌ಐ. ಎಲ್ಲರೂ ಮರೆಯುವುದು ಸ್ಟೆಪ್ನಿಯನ್ನು. ವರ್ಷಗಟ್ಟಲೆ ಡಿಕ್ಕಿಯಲ್ಲಿ ಬಿದ್ದ ಸ್ಟೆಪ್ನಿಯಲ್ಲಿ ಅರ್ಧ ಗಾಳಿಯೂ ಇರುವುದಿಲ್ಲ. ಜ್ಯಾಕ್ ಮತ್ತು ವೀಲ್ ಸ್ಪ್ಯಾನರ್ ಇವೆಯೇ, ಸ್ಪ್ಯಾನರ್ ನಿಮ್ಮ ನಟ್ಟಿಗೆ ಕೂರುತ್ತದೆಯೇ ನೋಡಿ. ಎಂಜಿನ್ ತಣ್ಣಗಿದ್ದಾಗ ಕೂಲಂಟ್ ಮಟ್ಟ, ಬ್ರೇಕ್ ಆಯಿಲ್ ಮಟ್ಟ, ವೈಪರ್ ರಬ್ಬರ್, ನಾಲ್ಕೂ ಕಡೆಯ ಇಂಡಿಕೇಟರ್ ಪರೀಕ್ಷಿಸಿ. ಬ್ರೇಕ್ ಒತ್ತಿದಾಗ ಕಬ್ಬಿಣ ಉಜ್ಜಿದ ಸದ್ದು ಬರುತ್ತಿದ್ದರೆ ಪ್ಯಾಡ್ ಮುಗಿದಿದೆ ಎಂದರ್ಥ, ಆ ಕಾರಿನಲ್ಲಿ ಘಾಟಿಗೆ ಹೋಗಬೇಡಿ. ಫಾಸ್ಟ್ಯಾಗ್‌ನಲ್ಲಿ 1,000 ರೂಪಾಯಿ ಹಾಕಿಡಿ. ಟೋಲ್ ಸಾಲಿನಲ್ಲಿ ನಿಂತು ರೀಚಾರ್ಜ್ ಮಾಡಿದರೆ ಅದು ಗೇಟಿನ ಯಂತ್ರಕ್ಕೆ ತಲುಪುವಷ್ಟರಲ್ಲಿ ಹೆಚ್ಚು ದುಡ್ಡು ಕಟ್ಟಬೇಕಾಗಿ ಬರಬಹುದು.

ಓಡಿಸುವುದನ್ನು ಎರಡು ಗಂಟೆಗೊಮ್ಮೆ ಬದಲಿಸಿಕೊಳ್ಳಿ. ಪಕ್ಕದಲ್ಲಿ ಕೂತವನು ಮಲಗಬಾರದು, ಮಾತಾಡುತ್ತಿರಬೇಕು. ಕಳೆದ ಎರಡು ಮೂರು ಕಿ.ಮೀ. ಹೇಗೆ ಬಂದೆವೆಂದು ನೆನಪಾಗದಿದ್ದರೆ, ಕಾರು ತಾನಾಗಿ ಪಕ್ಕದ ಪಥಕ್ಕೆ ಸರಿದರೆ, ಆಗಲೇ ಅರೆಕ್ಷಣದ ನಿದ್ದೆ ಬಂದುಹೋಗಿದೆ. ಕಿಟಕಿ ಇಳಿಸುವುದು, ಜೋರಾಗಿ ಹಾಡು ಹಾಕುವುದು ಇದಕ್ಕೆ ಮದ್ದಲ್ಲ. ಬೆಳಕಿರುವ ಬಂಕಿನ ಆವರಣದಲ್ಲಿ ನಿಲ್ಲಿಸಿ ಒಂದು ಕಾಫಿ ಕುಡಿದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಕಾಫಿ ಕೆಲಸ ಶುರುಮಾಡಲು ಅಷ್ಟು ಹೊತ್ತು ಹೇಗೂ ಬೇಕು. ರಸ್ತೆ ಬದಿಯ ಪಟ್ಟಿಯಲ್ಲಿ ಮಾತ್ರ ಎಂದೂ ನಿಲ್ಲಿಸಬೇಡಿ, ನಿಂತ ವಾಹನಕ್ಕೆ ಹಿಂದಿನಿಂದ ಲಾರಿ ಗುದ್ದುವುದು ಈ ಹೆದ್ದಾರಿಗಳಲ್ಲಿ ಹೊಸದಲ್ಲ.

ಶನಿವಾರ ಬೆಳಿಗ್ಗೆ ಐದೂವರೆಗೆ ಹಾಸನ ಬಿಟ್ಟರೆ ಆರೂವರೆ ಹೊತ್ತಿಗೆ ಸಕಲೇಶಪುರ. ಟ್ಯಾಂಕ್ ಇಲ್ಲೇ ತುಂಬಿಸಿ, ಶೌಚಕ್ಕೂ ಇಲ್ಲೇ ಹೋಗಿಬನ್ನಿ. ಹೆಗ್ಗದ್ದೆಯಿಂದ ಅಡ್ಡಹೊಳೆಯವರೆಗೆ ಸುಮಾರು 26 ಕಿ.ಮೀ. ಘಾಟಿಯ ಕಾಂಕ್ರೀಟ್ ರಸ್ತೆ. ನಡುವೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ, ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಬಯಲುಸೀಮೆಯಲ್ಲಿ ಓಡಿಸಿ ಅಭ್ಯಾಸವಾದವರು ಎಡವುವುದು ಇಳಿಜಾರಿನಲ್ಲಿ. ಹತ್ತುವಾಗ ಯಾವ ಗೇರ್ ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರ್. ಶಿರಾಡಿಯಲ್ಲಿ ಬಹುಮಟ್ಟಿಗೆ ಮೂರನೆಯದು, ಕಡಿದಾದ ತಿರುವಿನಲ್ಲಿ ಎರಡನೆಯದು. ಕಾರನ್ನು ಎಂಜಿನ್ನೇ ಹಿಡಿದಿಡಬೇಕು, ಬ್ರೇಕ್ ಅದರ ಸಹಾಯಕ್ಕೆ ಮಾತ್ರ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಸುವವರಿದ್ದಾರೆ. ಅದರಿಂದ ಉಳಿಯುವುದು ಏನೂ ಇಲ್ಲ; ಇಂಜೆಕ್ಷನ್ ಎಂಜಿನ್ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನು ತಾನೇ ಕಡಿತ ಮಾಡುತ್ತದೆ, ನ್ಯೂಟ್ರಲ್‌ನಲ್ಲಿ ಮಾತ್ರ ಐಡ್ಲಿಂಗಿಗೆ ಕುಡಿಯುತ್ತಲೇ ಇರುತ್ತದೆ. ಎಂಜಿನ್ನಿನ ಹಿಡಿತವೂ ಹೋಗಿ ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ಪ್ಯಾಡ್ ಕಾಯ್ದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ತುಳಿದರೂ ಕಾರು ನಿಲ್ಲುವುದಿಲ್ಲ. ವೇಗ ಹೆಚ್ಚಾದಾಗ ಒಮ್ಮೆ ಗಟ್ಟಿಯಾಗಿ ಒತ್ತಿ ಇಳಿಸಿ, ಪೂರ್ತಿ ಬಿಡಿ. ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಿ. ಡಿಸ್ಕಿಗೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ಆಟೋಮ್ಯಾಟಿಕ್ ಕಾರಾದರೆ ಡಿ ಬಿಟ್ಟು ಎಲ್ ಅಥವಾ ಮ್ಯಾನ್ಯುವಲ್ ಮೋಡಿಗೆ ಹಾಕಿ.

ಹತ್ತಿ ಬರುವ ವಾಹನಕ್ಕೆ ದಾರಿ ಬಿಡುವುದು ಘಾಟಿಯ ನಿಯಮ. ಬಸ್ಸು, ಲಾರಿಗಳಿಗೆ ತಿರುವಿನಲ್ಲಿ ನಿಮ್ಮ ಕಡೆಯ ಜಾಗವೂ ಬೇಕಾಗುತ್ತದೆ. ಅವು ಕಂಡ ಕೂಡಲೇ ತಿರುವಿನ ಮೊದಲೇ ನಿಲ್ಲಿ. ಮಂಜಿದ್ದರೆ ಹೈ ಬೀಮ್ ಹಾಕಬೇಡಿ, ಬೆಳಕು ಮರಳಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ನಾಲ್ಕೂ ಇಂಡಿಕೇಟರ್ ಮಿಟುಕಿಸುತ್ತ ಓಡಿಸಿದರೆ ನೀವು ಯಾವ ಕಡೆ ತಿರುಗುತ್ತೀರೋ ಹಿಂದಿನವನಿಗೆ ತಿಳಿಯುವುದಿಲ್ಲ. ತಿರುವಿನಲ್ಲಿ ವಾಂತಿ ಬರುವವರು ಅವೊಮಿನ್‌ನಂಥ ಮಾತ್ರೆಯನ್ನು ಘಾಟಿಗೆ ಒಂದು ಗಂಟೆ ಮೊದಲು ನುಂಗುತ್ತಾರೆ. ಅದು ನಿದ್ದೆ ಬರಿಸುತ್ತದೆ, ತೆಗೆದುಕೊಂಡವರು ಆ ದಿನ ಸ್ಟೀರಿಂಗ್ ಹಿಡಿಯಬಾರದು.

ಇದೆಲ್ಲ ಅಕ್ಟೋಬರ್ ಕೊನೆಯಿಂದ ಮೇವರೆಗಿನ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿಢೀರನೆ ಹೊರಡುವುದು ಬೇಡವೇ ಬೇಡ ಎನ್ನುತ್ತೇನೆ. 2024ರ ಜುಲೈನಲ್ಲಿ ಸಕಲೇಶಪುರದ ದೊಡ್ಡತಪ್ಪಲೆ ಬಳಿ ಗುಡ್ಡ ಜರಿದು ಶಿರಾಡಿ ಮುಚ್ಚಿತ್ತು, ಅದೇ ತಿಂಗಳ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66ರ ಮೇಲಿದ್ದವರು ಜೀವ ಕಳೆದುಕೊಂಡರು. ಚಾರ್ಮಾಡಿ ಘಾಟಿ 2019ರ ಮಳೆಯಲ್ಲಿ ಕುಸಿದು ತಿಂಗಳುಗಟ್ಟಲೆ ಬಂದಾಗಿತ್ತು. ಮಳೆಗಾಲದಲ್ಲಿ ಹೋಗಲೇಬೇಕೆಂದಿದ್ದರೆ ಹಾಸನ, ಚಿಕ್ಕಮಗಳೂರು, ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗಳ ಆ ದಿನದ ಆದೇಶ ನೋಡಿ ಹೊರಡಿ. ನಕ್ಷೆಯ ಆ್ಯಪ್ ಮುಚ್ಚಿದ ರಸ್ತೆಯನ್ನೂ ಹಸಿರಾಗಿ ತೋರಿಸುವುದುಂಟು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಕಳಸ–ಕಾರ್ಕಳ ರಸ್ತೆಯಲ್ಲಿ ಯಾವ ಕಾಲದಲ್ಲೂ ರಾತ್ರಿ ಬಿಡುವುದಿಲ್ಲ.

ಘಾಟಿ ಇಳಿದ ಮೇಲೆ ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ, ಬಿ.ಸಿ.ರೋಡ್. ಇಲ್ಲಿ ಚತುಷ್ಪಥ ಕಾಮಗಾರಿ ವರ್ಷಗಳಿಂದ ಎಳೆದಾಡಿದೆ, ಬೇಗ ಹೋಗುವ ಲೆಕ್ಕ ಹಾಕಬೇಡಿ. ಮಂಗಳೂರಿನ ನಂತೂರಿನಲ್ಲಿ ಹೆದ್ದಾರಿ 66 ಹಿಡಿದು ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು. ಹತ್ತೂವರೆ ಹನ್ನೊಂದಕ್ಕೆ ಉಡುಪಿ.

ಮೊದಲ ಕೆಲಸ ರೂಮು. ಶನಿವಾರ ಬೀಚಿನ ಪಕ್ಕದ ಹೋಂಸ್ಟೇಗಳು ತುಂಬಿರುತ್ತವೆ, ಇದ್ದರೂ ದರ ಏರಿರುತ್ತದೆ. ಊರೊಳಗಿನ ಲಾಡ್ಜುಗಳಲ್ಲಿ, ಬಸ್‌ಸ್ಟ್ಯಾಂಡಿನ ಆಸುಪಾಸು, ಮಧ್ಯಾಹ್ನದೊಳಗೆ ಹೋದರೆ ಸಿಗುತ್ತದೆ. ಸಂಜೆ ಏಳಕ್ಕೆ ಹುಡುಕಹೊರಟರೆ ಸಿಗುವುದಿಲ್ಲ. ಉಡುಪಿಯಲ್ಲಿ ಉತ್ಸವವಿದ್ದರೆ ಕುಂದಾಪುರಕ್ಕೆ ಮುಂದುವರಿಯಿರಿ. ಚೆಕ್‌ಔಟ್ 24 ಗಂಟೆಯ ಲೆಕ್ಕವೋ ನಿಗದಿತ ಹೊತ್ತೋ ಕೇಳಿಕೊಳ್ಳಿ.

ಎರಡು ದಿನಕ್ಕೆ ಮೂರು ಜಾಗ ಸಾಕು. ಕಾಪುವಿನಲ್ಲಿ 1901ರ ದೀಪಸ್ತಂಭ, ಬಂಡೆಯ ಮೇಲಿದೆ. ಸಂಜೆ ಸ್ವಲ್ಪ ಹೊತ್ತು ಮಾತ್ರ ಹತ್ತಲು ಬಿಡುತ್ತಾರೆ. ಮಲ್ಪೆಯಿಂದ ಹೂಡೆ ದಾಟಿ ಉತ್ತರಕ್ಕೆ ಹೋದರೆ ಕೋಡಿಬೆಂಗ್ರೆ. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ನೆಲದ ಕಿರುಪಟ್ಟಿ, ತುದಿಯಲ್ಲಿ ನದಿ ಕಡಲು ಸೇರುವ ಅಳಿವೆ. ಜನ ಕಡಿಮೆ, ನನಗೆ ಈ ಕರಾವಳಿಯಲ್ಲಿ ಅತ್ಯಂತ ಇಷ್ಟವಾದ ಜಾಗ ಇದೇ. ಭಾನುವಾರ ಬೆಳಿಗ್ಗೆ ಮರವಂತೆ, ಉಡುಪಿಯಿಂದ ಸುಮಾರು 55 ಕಿ.ಮೀ.; ಹೆದ್ದಾರಿಯ ಒಂದು ಬದಿಗೆ ಸೌಪರ್ಣಿಕಾ, ಮತ್ತೊಂದು ಬದಿಗೆ ಸಮುದ್ರ. ಅಲ್ಲಿ ನೋಡಿ, ಈಜಬೇಡಿ. ಸೇಂಟ್ ಮೇರೀಸ್ ದ್ವೀಪದ ದೋಣಿ ಮಲ್ಪೆಯಿಂದ, ಮಳೆಗಾಲದಲ್ಲಿ ಇಲ್ಲ. ದ್ವೀಪಕ್ಕೆ ಹೋದರೆ ಅರ್ಧ ದಿನ ಬೇಕು, ಮರವಂತೆ ಬಿಡಬೇಕಾಗುತ್ತದೆ.

ನೀರಿಗಿಳಿಯುವ ಮುಂಚೆ ಐದು ನಿಮಿಷ ದಡದಲ್ಲಿ ನಿಂತು ಅಲೆ ನೋಡಿ. ಅಕ್ಕಪಕ್ಕ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಮರಳು ಕದಡಿದ ಬಣ್ಣದಲ್ಲಿ ಕಂಡರೆ ನೀರು ಅಲ್ಲಿಂದಲೇ ಒಳಕ್ಕೆ ಹರಿಯುತ್ತಿದೆ. ಹೊಸಬರು ಸುರಕ್ಷಿತವೆಂದು ಇಳಿಯುವುದೂ ಅಲ್ಲಿಗೇ. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ನೇರವಾಗಿ ಈಜಬೇಡಿ, ಸುಸ್ತಾಗಿ ಮುಳುಗುವುದು ಹಾಗೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ಅಲೆಯೊಂದಿಗೆ ದಡಕ್ಕೆ ಬನ್ನಿ. ಈಜಲಾಗದಿದ್ದರೆ ಬೆನ್ನ ಮೇಲೆ ತೇಲುತ್ತ ಕೈ ಎತ್ತಿ. ಕುಡಿದು ನೀರಿಗಿಳಿಯುವುದು, ಅಳಿವೆಯ ಬಾಯಲ್ಲಿ ಇಳಿಯುವುದು, ಎರಡೂ ಸಾವಿಗೆ ಹತ್ತಿರ. ಇಬ್ಬರೂ ಒಟ್ಟಿಗೆ ಇಳಿಯಬೇಡಿ, ಒಬ್ಬರು ದಡದಲ್ಲಿರಲಿ. ಕಾರಿನ ಕೀಯೂ ಅವರ ಹತ್ತಿರವೇ ಇರಲಿ. ಉಪ್ಪುನೀರು ಹೊಕ್ಕ ರಿಮೋಟ್ ಕೀ ಮತ್ತೆ ಕೆಲಸ ಮಾಡುವ ಭರವಸೆಯಿಲ್ಲ.

ಕಾರನ್ನು ಮರಳಿಗೆ ಇಳಿಸಬೇಡಿ. ಹೂತುಹೋದರೆ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಕೆಳಗೆ ಹೋಗುತ್ತದೆ. ಚಕ್ರದ ಮುಂದಿನ ಮರಳು ಕೈಯಿಂದ ತೋಡಿ, ಎಂಜಿನ್ ಎಳೆಯುವ ಚಕ್ರಗಳಿಗೆ (ಹ್ಯಾಚ್‌ಬ್ಯಾಕ್‌ಗಳಲ್ಲಿ ಮುಂದಿನವು) ಫ್ಲೋರ್ ಮ್ಯಾಟ್ ಒತ್ತಿ ಕೊಟ್ಟು, ಗಾಳಿಯನ್ನು 18–20ಕ್ಕೆ ಇಳಿಸಿ, ನಿಧಾನವಾಗಿ ಹೊರತೆಗೆಯಿರಿ. ಡಾಂಬರಿಗೆ ಬಂದ ಮೇಲೆ ಹತ್ತಿರದ ಪಂಕ್ಚರ್ ಅಂಗಡಿಯವರೆಗೆ 30ರ ವೇಗ ಮೀರದೆ ಹೋಗಿ ಗಾಳಿ ಹಿಡಿಸಿ.

ಊಟಕ್ಕೆ ಮಧ್ಯಾಹ್ನದ ಮೀನೂಟವೇ ಸರಿ, ಹನ್ನೆರಡೂವರೆಯಿಂದ ಒಂದೂವರೆಯೊಳಗೆ. ಬಂಗುಡೆ, ಬೂತಾಯಿ ಅಗ್ಗ, ತಾಜಾ ಇರುತ್ತವೆ. ಅಂಜಲ್, ಕಾಣೆಗೆ ಗಾತ್ರದ ಮೇಲೆ ದರ, ಹೇಳುವ ಮುಂಚೆ ಕೇಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಆಗ ಸಿಗುವುದು ನಾಡದೋಣಿಯ ಮೀನು ಅಥವಾ ಹೊರಗಿನಿಂದ ಬಂದ ಐಸಿನ ಮೀನು.

ಖರ್ಚು: 850 ಕಿ.ಮೀ.ಗೆ ಲೀಟರಿಗೆ 16ರಂತೆ 53 ಲೀಟರ್, ಸುಮಾರು 5,500 ರೂಪಾಯಿ. ಟೋಲ್, ಎರಡು ರಾತ್ರಿಯ ಸಾದಾ ರೂಮು, ಊಟ ಸೇರಿ ತಲಾ 6,000ದ ಆಸುಪಾಸು.

ಭಾನುವಾರ ಹನ್ನೆರಡೂವರೆಗೆ ಉಡುಪಿ ಬಿಡಿ. ವಾಪಸ್ಸಿಗೆ ನಾನು ಆರಿಸುವುದು ಕಾರ್ಕಳ, ಗುರುವಾಯನಕೆರೆ, ಉಜಿರೆ, ಚಾರ್ಮಾಡಿ, ಕೊಟ್ಟಿಗೆಹಾರ, ಮೂಡಿಗೆರೆ, ಬೇಲೂರು, ಹಾಸನ. ಮಂಗಳೂರಿನ ದಟ್ಟಣೆ ತಪ್ಪುತ್ತದೆ. ರಸ್ತೆ ಕಿರಿದು, ಆದರೆ ಹತ್ತುವಾಗ ಬ್ರೇಕಿನ ಮೇಲೆ ಭಾರವಿಲ್ಲ. ಘಾಟಿಯನ್ನು ನಾಲ್ಕು ಗಂಟೆಯೊಳಗೆ ಹತ್ತಿ ಮುಗಿಸಿ, ಆಮೇಲೆ ಮಂಜು ಇಳಿಯಬಹುದು. ಮಲ್ಪೆಯಿಂದ ಮೀನು ಒಯ್ಯುವುದಿದ್ದರೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಕಿಲೋ ಮೀನಿಗೆ ಕಿಲೋ ಐಸಿನ ಪುಡಿ, ಒಂದು ಪದರ ಐಸು ಒಂದು ಪದರ ಮೀನು, ಮುಚ್ಚಳಕ್ಕೆ ಟೇಪು. ಹಾಸನದಲ್ಲಿ ಕರಗಿದ ನೀರು ಚೆಲ್ಲಿ ಐಸು ತುಂಬಿ. ನೆಲಮಂಗಲದ ಬಳಿ ಭಾನುವಾರ ರಾತ್ರಿ ಒಂಬತ್ತಕ್ಕೂ ವಾಹನ ಸಾಲುಗಟ್ಟಿರುತ್ತದೆ. ನಿಮ್ಮ ಮನೆ ಪಶ್ಚಿಮ ಬೆಂಗಳೂರಿನಲ್ಲಿದ್ದರೆ ಸೋಲೂರಿನಲ್ಲಿ ಬಲಕ್ಕೆ ತಿರುಗಿ ಮಾಗಡಿ, ತಾವರೆಕೆರೆ ಮೇಲೆ ಬರಬಹುದು. ಅಲ್ಲಿ ಬೀದಿದೀಪವಿಲ್ಲ, ಗುರುತಿಲ್ಲದ ರೋಡ್‌ಹಂಪುಗಳಿವೆ, ಐವತ್ತು ಮೀರಬೇಡಿ. ಸೋಮವಾರ ಕಾರಿನ ತಳಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ.