ಟಿಶ್ಯೂ ಬಾಕ್ಸ್ ಅವರ ಮೊಣಕೈ ಪಕ್ಕದಲ್ಲೇ ಇತ್ತು

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

"ಮುಖ ಇವರದ್ದೇ ಮೇಡಂ. ಒಳಗಿರೋರು ಬೇರೆ ಯಾರೋ."

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಗಂಡನ ಜೊತೆ ಬಂದು ಕೂತ ಕೂಡಲೇ ಆಕೆ ಹೇಳಿದ್ದು ಇದು. ಅಪಘಾತದಲ್ಲಿ ಗಂಡನ ತಲೆಗೆ ಪೆಟ್ಟಾಗಿ 14 ತಿಂಗಳಾಗಿತ್ತು. ಓಡಾಡುತ್ತಾರೆ, ಮಾತಾಡುತ್ತಾರೆ. ನೋಡಿದವರೆಲ್ಲ "ಹುಷಾರಾದರಲ್ಲ, ಇನ್ನೇನು" ಅನ್ನುತ್ತಾರೆ. ಆದರೆ ಆಕೆ ಜ್ವರದಿಂದ ಎರಡು ದಿನ ಮಲಗಿದ್ದಾಗ ಅವರು ಒಂದು ಲೋಟ ನೀರೂ ತಂದುಕೊಡಲಿಲ್ಲ. ಟಿವಿ ಸದ್ದು ಜಾಸ್ತಿಯಾಯಿತು ಅಂತ ರಿಮೋಟ್ ಎಸೆದದ್ದೂ ಅದೇ ವಾರ.

"ನಾನು ಬೇಡ ಅಂದ್ರೆ ಬಾಯಿಬಿಟ್ಟು ಹೇಳಲಿ" ಅಂತ ಆಕೆ ಅತ್ತರು. ಅವರು ಸುಮ್ನೆ ಫ್ಯಾನ್ ನೋಡುತ್ತಾ ಕೂತಿದ್ದರು. ಟಿಶ್ಯೂ ಬಾಕ್ಸ್ ಅವರ ಮೊಣಕೈ ಪಕ್ಕದಲ್ಲೇ ಇತ್ತು. "ಅದನ್ನ ಇವರಿಗೆ ಕೊಡ್ತೀರಾ?" ಅಂದೆ. ತಕ್ಷಣ ಕೊಟ್ಟರು. ಆಮೇಲೆ ಯಾರೂ ಹೇಳದೆ ಹೆಂಡತಿಯ ಬೆನ್ನ ಮೇಲೆ ಕೈ ಇಟ್ಟರು.

ಇಡೀ ಪ್ರಕರಣ ನನಗೆ ಅರ್ಥವಾಗಿದ್ದು ಆಗಲೇ. ಹಣೆಯ ಹಿಂದಿನ ಮೆದುಳಿನ ಭಾಗಕ್ಕೆ ಪೆಟ್ಟಾದರೆ, ತಾನಾಗಿ ಒಂದು ಕೆಲಸ ಶುರುಮಾಡುವ ಶಕ್ತಿ ಕುಗ್ಗಬಹುದು. ಸಿಟ್ಟಿಗೆ ಇದ್ದ ಕಡಿವಾಣವೂ ಸಡಿಲವಾಗಬಹುದು. ತಾನು ಬದಲಾಗಿದ್ದೇನೆ ಅನ್ನುವುದು ಎಷ್ಟೋ ಸಲ ಅವರಿಗೇ ಗೊತ್ತಾಗುವುದಿಲ್ಲ. ಹೊರಗಿನಿಂದ ಅದು ಸೋಮಾರಿತನದ ಹಾಗೆ, ಪ್ರೀತಿ ಇಲ್ಲದ ಹಾಗೆ ಕಾಣುತ್ತದೆ. ಖಿನ್ನತೆಯೂ ಹೀಗೇ ಕಾಣುವುದರಿಂದ ಮೊದಲು ನರರೋಗ ವೈದ್ಯರು, ಮನೋವೈದ್ಯರು ಇಬ್ಬರನ್ನೂ ಕಂಡು ಬರಲು ಹೇಳಿದೆ.

"ನಿಮಗೇ ಗೊತ್ತಾಗಬೇಕಿತ್ತು" ಅನ್ನುವ ಮಾತನ್ನು ಸದ್ಯಕ್ಕೆ ಬಿಡಿ ಅಂದೆ. ಬೇಕಾದ್ದನ್ನು ಒಂದೇ ವಾಕ್ಯದಲ್ಲಿ ಕೇಳಿ: "ಜ್ವರ ಇದೆ, ನೀರು ತಂದುಕೊಡಿ." ದುಡ್ಡಿನ ಮಾತು, ಜಗಳದ ಮಾತು ಅವರು ದಣಿದಿರುವಾಗ ಬೇಡ. ಇವರ ಮನೆಯಲ್ಲಿ ಸಂಜೆಯೇ ಹೆಚ್ಚು ಸಿಡುಕು. ಸಿಟ್ಟು ಏರುತ್ತಿದ್ದರೆ ವಾದ ನಿಲ್ಲಿಸಿ, "ಅರ್ಧ ಗಂಟೆ ಬಿಟ್ಟು ಬರ್ತೀನಿ" ಅಂತ ಹೇಳಿ ಎದ್ದುಹೋಗಿ. ಕೈ ಎತ್ತಿದರೆ ಮಾತ್ರ ಕಾರಣ ಹುಡುಕುತ್ತಾ ಕೂರಬಾರದು, ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು.

ಆಕೆಗೆ ನಾಚಿಕೆಯ ವಿಷಯವೊಂದಿತ್ತು. ದಿನವಿಡೀ ಮಾತ್ರೆ ನುಂಗಿಸಿ, ಸ್ನಾನ ನೆನಪಿಸಿ, ರಾತ್ರಿ ಹೆಂಡತಿಯಾಗಲು ಮನಸ್ಸು ಬರುತ್ತಿರಲಿಲ್ಲ. ಬರದಿದ್ದರೆ ತಪ್ಪೇನೂ ಇಲ್ಲ, ಬಲವಂತ ಬೇಡ ಅಂದೆ. ಮಾತ್ರೆ, ವ್ಯಾಯಾಮದ ಹೊಣೆ ಅವರ ತಮ್ಮನಿಗೆ ಹೋಯಿತು. ಇನ್ನೊಂದು ಮಾತೂ ಹೇಳಿದೆ: ಮನುಷ್ಯ ಎದುರಿಗೇ ಇರುವಾಗ ಹಳೆಯ ಗಂಡನಿಗಾಗಿ ಅಳುವುದು ದ್ರೋಹವಲ್ಲ.

ಅವರು ಫೋನಿನಲ್ಲಿ ಸಂಜೆ 7ಕ್ಕೆ ಅಲಾರಂ ಇಟ್ಟುಕೊಂಡರು: "ಇವತ್ತು ಹೇಗಿತ್ತು ಅಂತ ಕೇಳು." ಆಕೆ ಮೊದಲು ನಕ್ಕರು, ಆಮೇಲೆ ಬೇಜಾರಾದರು. ಅಲಾರಂ ಹೊಡೆದರೆ ಬರುವ ಪ್ರೀತಿ ಯಾರಿಗೆ ಬೇಕು ಅಲ್ವಾ? ನಾನು ಸಮಾಧಾನ ಹೇಳಲು ಹೋಗಲಿಲ್ಲ.

ಮೂರು ತಿಂಗಳಾಯಿತು. ಕಳೆದ ವಾರ ಒಂದು ದಿನ ಚಾರ್ಜ್ ಮುಗಿದು ಅಲಾರಂ ಹೊಡೆಯಲಿಲ್ಲ, ಅವರು ಕೇಳಲೂ ಇಲ್ಲ. ಎಂಟು ಗಂಟೆಗೆ ಆಕೆಯೇ ಎದ್ದು ಫೋನ್ ಚಾರ್ಜಿಗೆ ಹಾಕಿದರಂತೆ.