ಯುವಿ ಕೊಟ್ಟ ಯೀಸ್ಟ್‌ನಲ್ಲಿ ಡಿಎನ್‌ಎ ಹಾನಿ ಪ್ರತಿ ಸಲ ಬೇರೆ ಬೇರೆ ಬರುತ್ತಿದೆ, ಕಾಮೆಟ್ ಕಿಟ್ ತರಿಸಲಾ?

ಬೇಡ, ಡಿಎನ್‌ಎ ಎಳೆ ಕಡಿದಿದೆಯಾ ಅಂತ ನೋಡುವ ಆ ಕಾಮೆಟ್ ಕಿಟ್ ಈಗಲೇ ತರಿಸಬೇಡಿ. ಮಡಿಕೇರಿ, ಎಂಎಸ್ಸಿ ಪ್ರಾಜೆಕ್ಟ್, ಮಳೆಗಾಲ, ಬೇಕರಿ ಯೀಸ್ಟ್, ಒಂದು ದಿನ ಕಂಡ ಹಾನಿ ಇನ್ನೊಂದು ದಿನ ಕಾಣುವುದಿಲ್ಲ. ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ರೆಕಾರ್ಡ್ ಪುಸ್ತಕ ತೆರೆದ ಹಾಗಾಯಿತು.

ನಾನೂ ಕೊಡಗಿನಲ್ಲೇ ಓದಿದ್ದು. ಯೀಸ್ಟ್ ಹರಡಿದ ಪೆಟ್ರಿ ತಟ್ಟೆಯ ಮುಚ್ಚಳ ತೆಗೆದು 254 ನ್ಯಾನೋಮೀಟರ್ ಯುವಿ ದೀಪದ ಕೆಳಗೆ 30 ಸೆಕೆಂಡು ಇಡುತ್ತಿದ್ದೆ. ಎರಡು ದಿನ ಬಿಟ್ಟು, ಕಾಲನಿ, ಅಂದರೆ ಬದುಕಿದ ಒಂದೊಂದು ಕೋಶ ಬೆಳೆದು ಆದ ಚುಕ್ಕೆ, ಎಣಿಸುತ್ತಿದ್ದೆ. ಒಂದು ವಾರ 30 ಬಂದರೆ ಮರುವಾರ 200. ನಾನು ವೋಲ್ಟೇಜ್ ಮೇಲೆ ತಪ್ಪು ಹೊರಿಸಿದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ವಾ. ಅಪ್ಪ ಮೆಣಸು ಮಾರಿ ಇಟ್ಟಿದ್ದ ದುಡ್ಡಲ್ಲಿ ಸ್ಟೆಬಿಲೈಜರ್ ತಂದೆ, ಆಮೇಲೆ ಹೊಸ ದೀಪ ತಂದೆ. ಮೂರು ತಿಂಗಳು ಹೋಯಿತು, ಏನೂ ಸರಿಯಾಗಲಿಲ್ಲ.

ತಪ್ಪು ಇದ್ದದ್ದು ದೀಪದಲ್ಲಲ್ಲ, ದೀಪ ಆರಿಸಿದ ಮೇಲಿನ ಒಂದು ಗಂಟೆಯಲ್ಲಿ. ಕರೆಂಟು ಇದ್ದ ದಿನ ತಟ್ಟೆಗಳು ನೇರ ಇನ್‌ಕ್ಯುಬೇಟರ್‌ಗೆ, ಅಂದರೆ ಒಳಗೆ ಕತ್ತಲೆಯಿರುವ ಬೆಚ್ಚಗಿನ ಪೆಟ್ಟಿಗೆಗೆ, ಹೋಗುತ್ತಿದ್ದವು. ಕರೆಂಟು ಹೋದ ದಿನ ಲ್ಯಾಬ್ ಒಳಗೆ ಕತ್ತಲೆ, ಹೆಸರು ಬರೆಯಲೂ ಆಗದು, ಹಾಗಾಗಿ ಎಲ್ಲವನ್ನೂ ಕಿಟಕಿ ಹತ್ತಿರದ ಮೇಜಿಗೆ ತರುತ್ತಿದ್ದೆ. ಒಂದು ದಿನ ಹಾಗೆ ತಂದ ತಟ್ಟೆಯ ಅರ್ಧ ಭಾಗ ಮುಚ್ಚಿಕೊಂಡು ರೆಕಾರ್ಡ್ ಪುಸ್ತಕ ಕೂತಿತ್ತು, ನಾನು ನೋಡಿರಲಿಲ್ಲ. ಎರಡು ದಿನ ಬಿಟ್ಟು ತೆಗೆದರೆ ಬೆಳಕು ಬಿದ್ದ ಅರ್ಧ ಭಾಗದಲ್ಲಿ ಕಾಲನಿಗಳು ಒತ್ತೊತ್ತಾಗಿ, ಇನ್ನರ್ಧದಲ್ಲಿ ಅಲ್ಲೊಂದು ಇಲ್ಲೊಂದು, ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಆ ಗೆರೆ ಪುಸ್ತಕದ ಅಂಚು!

ಯುವಿ ಬಿದ್ದಾಗ ಡಿಎನ್‌ಎಯಲ್ಲಿ ಅಕ್ಕಪಕ್ಕದ ಎರಡು ಥೈಮಿನ್ ಎಂಬ ಅಕ್ಷರಗಳು ಒಂದಕ್ಕೊಂದು ಗಂಟು ಬೀಳುತ್ತವೆ. ಯೀಸ್ಟ್‌ನಲ್ಲಿ ಫೋಟೊಲಯೇಸ್ ಅಂತ ಒಂದು ಕಿಣ್ವ ಇದೆ. ಅದು ನೀಲಿ ಬೆಳಕಿನ ಶಕ್ತಿ ತೆಗೆದುಕೊಂಡು ಆ ಗಂಟನ್ನು ಬಿಚ್ಚುತ್ತದೆ. ಹೊರಗೆ ಮಂಜು, ಎದುರಿನ ಸಿಲ್ವರ್ ಓಕ್ ಕೂಡ ಕಾಣುತ್ತಿರಲಿಲ್ಲ, ಈ ಬೆಳಕು ಏನು ಮಾಡೀತು ಅಂದುಕೊಂಡಿದ್ದೆ. ಬಿಸಿಲೇ ಬೇಕಾಗಿಲ್ಲ. ಮೋಡ ದಾಟಿ, ಕಿಟಕಿ ಗಾಜು ದಾಟಿ, ತಟ್ಟೆಯ ಮುಚ್ಚಳ ದಾಟಿ ಬರುವ ಬೆಳಕೇ ಸಾಕು. ನಾನು ಒಂದು ಕೈಯಲ್ಲಿ ಹಾನಿ ಮಾಡಿ ಇನ್ನೊಂದು ಕೈಯಲ್ಲಿ ರಿಪೇರಿ ಮಾಡುತ್ತಿದ್ದೆ. ಬೆಳಕಿನ ಈ ರಿಪೇರಿಯನ್ನು 1949ರಲ್ಲಿ ವರದಿ ಮಾಡಿದ ಅಮೆರಿಕದ ವಿಜ್ಞಾನಿ ಆಲ್ಬರ್ಟ್ ಕೆಲ್ನರ್‌ಗೂ ಇದು ಸಿಕ್ಕಿದ್ದು ಹೀಗೇ. ಅವರು ಉಷ್ಣತೆಯಿಂದ ವ್ಯತ್ಯಾಸ ಬರುತ್ತಿದೆ ಅಂತ ಹುಡುಕುತ್ತಿದ್ದರು, ಕಾರಣ ಬೆಳಕಾಗಿತ್ತು.

ಇನ್ನು ಕಿಟ್ ವಿಷಯ. ಕಾಮೆಟ್ ಪರೀಕ್ಷೆಯಲ್ಲಿ ಜೆಲ್‌ಗೆ ಕರೆಂಟು ಕೊಟ್ಟಾಗ ಕಡಿದ ಡಿಎನ್‌ಎ ಧೂಮಕೇತುವಿನ ಬಾಲದ ಹಾಗೆ ಹೊರಗೆ ಚಾಚುತ್ತದೆ, ಆ ಬಾಲ ಬರುವುದು ಡಿಎನ್‌ಎ ಎಳೆ ಕಡಿದಿದ್ದರೆ. ಈ ಯುವಿ ಮುಖ್ಯವಾಗಿ ಗಂಟು ಹಾಕುತ್ತದೆ, ಕಡಿಯುವುದು ಕಡಿಮೆ. ಗಂಟಿನ ಜಾಗದಲ್ಲಿ ಕತ್ತರಿಸುವ ಟಿ4 ಎಂಡೊನ್ಯೂಕ್ಲಿಯೇಸ್ ವಿ ಎಂಬ ಕಿಣ್ವ ಹಾಕದೆ ಕಾಮೆಟ್ ಮಾಡಿದರೆ, ರಿಪೇರಿಗೆ ಕೋಶವೇ ಮಾಡಿಕೊಂಡ ಕಡಿತವನ್ನು ಹಾನಿ ಅಂದುಕೊಳ್ಳುತ್ತೀರಿ. ಯೀಸ್ಟ್‌ಗೆ ಗಟ್ಟಿ ಗೋಡೆ ಬೇರೆ ಇದೆ, ಮೊದಲು ಅದನ್ನು ಕರಗಿಸಬೇಕು. ಸುಮ್ನೆ ದುಡ್ಡು ದಂಡ.

ಇದರ ಬದಲು ಒಂದೇ ಲೆಕ್ಕದಲ್ಲಿ ಯುವಿ ಕೊಟ್ಟ ಎರಡು ತಟ್ಟೆ ತೆಗೆದುಕೊಳ್ಳಿ. ಒಂದನ್ನು ಆ ಕ್ಷಣವೇ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಸುತ್ತಿ, ಇನ್ನೊಂದನ್ನು ಒಂದು ಗಂಟೆ ಕಿಟಕಿ ಹತ್ತಿರ ಇಡಿ. ಯುವಿ ಕೊಡದ ಒಂದು ಜೋಡಿಯನ್ನೂ ಹೀಗೇ ಇಡಿ. ಕತ್ತಲೆ ತಟ್ಟೆ ಹಾನಿ ಹೇಳುತ್ತದೆ, ಎರಡರ ನಡುವಿನ ವ್ಯತ್ಯಾಸ ರಿಪೇರಿ ಹೇಳುತ್ತದೆ. ಕತ್ತಲೆಯಲ್ಲೂ ಕೋಶ ಬೇರೆ ದಾರಿಯಲ್ಲಿ, ಹಾಳಾದ ತುಂಡನ್ನೇ ಕತ್ತರಿಸಿ ತೆಗೆದು ರಿಪೇರಿ ಮಾಡುತ್ತದೆ, ಅದು ನಿಧಾನ. ಮನುಷ್ಯರ ಕೋಶಕ್ಕೆ ಫೋಟೊಲಯೇಸ್ ಇಲ್ಲ, ನಮಗೆ ಈ ಗಂಟುಗಳಿಗೆ ಆ ದಾರಿಯೇ ಗತಿ.

ಹೆಸರನ್ನು ಯುವಿ ಕೊಡುವ ಮೊದಲೇ ತಟ್ಟೆಯ ತಳಕ್ಕೆ ಬರೆದುಬಿಡಿ. ಕೋಣೆಯಲ್ಲಿ ಕೆಂಪು ಬಲ್ಬ್ ಹಾಕಿ. ಕಣ್ಣಿಗೆ ಯುವಿ ಕನ್ನಡಕ, ಕೈಗೆ ಗ್ಲೌಸ್ ಬಿಡಲೇಬೇಡಿ. ಹಳೆಯ ರೆಕಾರ್ಡ್ ತೆಗೆದು ಕರೆಂಟು ಹೋದ ದಿನಗಳಿಗೆಲ್ಲ ಗುರುತು ಹಾಕಿ, ಆ ದಿನ ಕಾಲನಿ ಜಾಸ್ತಿ ಬಂದಿವೆಯಾ ಅಂತ ನೋಡಿ ಇಲ್ಲೇ ಬರೆಯಿರಿ.